ಮಗನನ್ನು ಊರಿಗೆ ಕಳಿಸಲೇ?

ಪ್ರಶ್ನೆ: ಮೇಡಂ, ನಾವು ಲಗ್ಗೆರೆಯಲ್ಲಿದ್ದೇವೆ. ನಾನು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನನ್ನ ಮಗನಿಗೆ 16 ವರ್ಷ, ಮೊದಲ ಪಿಯುಸಿ. ಇಬ್ಬರು ದೊಡ್ಡ ಹುಡುಗರ ಜೊತೆ ಬೈಕಿನಲ್ಲಿ ಹೋಗಿ ಮೊಬೈಲ್ ಕಿತ್ತುಕೊಂಡ ಕೇಸಿನಲ್ಲಿ ಸಿಕ್ಕಿಬಿದ್ದ. ಬೇಲ್ ಸಿಕ್ಕಿದೆ. ಕಾಲೇಜು ಬಿಡಿಸಿ ಊರಿಗೆ ಕಳಿಸೋಣ ಅಂತಿದ್ದೇನೆ. ಈ ಕೇಸು ಜೀವನಪೂರ್ತಿ ಅಂಟಿಕೊಳ್ಳುತ್ತಾ?
– ಒಬ್ಬ ತಾಯಿ

ಉತ್ತರ: ಅಕ್ಕಾ, ದಯವಿಟ್ಟು ಊರಿಗೆ ಕಳಿಸಬೇಡಿ.

18 ತುಂಬದ ಮಕ್ಕಳ ಕೇಸು ನೋಡುವ ಬಾಲ ನ್ಯಾಯ ಮಂಡಳಿಯಲ್ಲಿ ಮಕ್ಕಳ ಪರ ನಿಲ್ಲುವ ವಕೀಲೆ ನಾನು. ಸುಂಕದಕಟ್ಟೆಯ ಒಬ್ಬ ತಾಯಿಯೂ ಹೀಗೇ ಹೆದರಿ ಮಗನನ್ನು ಅಜ್ಜಿ ಮನೆಗೆ ಸಾಗಿಸಿದ್ದರು. ಎರಡು ತಾರೀಖು ತಪ್ಪಿತು. ಕೊನೆಗೆ ಪೊಲೀಸರೇ ಹೋಗಿ ಕರೆತಂದರು. ಕಾಲೇಜಿನ ಒಂದು ವರ್ಷವೂ ಹೋಯಿತು. ಆ ಹುಡುಗನ ಮುಖ ಇವತ್ತಿಗೂ ನನ್ನನ್ನು ಕಾಡುತ್ತದೆ.

ಬರೀ ಮೊಬೈಲ್ ಕಿತ್ತುಕೊಂಡ ಆರೋಪವಾದರೆ, 2015ರ ಬಾಲ ನ್ಯಾಯ ಕಾಯ್ದೆಯಲ್ಲಿ ಅದು ಸಣ್ಣ ಅಪರಾಧ. ವಿಚಾರಣೆ 4 ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೂ 2 ತಿಂಗಳು. ಆಗಲೂ ಮುಗಿಯದಿದ್ದರೆ ಕೇಸು ಅಲ್ಲಿಗೇ ನಿಲ್ಲುತ್ತದೆ. ಆ ಇಬ್ಬರು 18 ದಾಟಿದವರಾದರೆ ಅವರ ಕೇಸು ಬೇರೆ ಕೋರ್ಟಿನಲ್ಲಿ. ನಿಮ್ಮ ಮಗನನ್ನು ಅವರ ಜೊತೆ ಸೇರಿಸಿ ವಿಚಾರಣೆ ಮಾಡುವಂತಿಲ್ಲ. ಮಂಡಳಿಯಲ್ಲಿ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಬುದ್ಧಿ ಹೇಳಿ ಮನೆಗೆ ಕಳಿಸುವ ಅಧಿಕಾರವೂ ಅವರಿಗಿದೆ.

ಇನ್ನು ಅಂಟಿಕೊಳ್ಳುವ ಮಾತು. ತಪ್ಪು ಸಾಬೀತಾದರೂ ಇಂಥ ಕೇಸಿನಿಂದ ಅವನು ಕೆಲಸಕ್ಕಾಗಲಿ ಓದಿಗಾಗಲಿ ಅನರ್ಹನಾಗುವುದಿಲ್ಲ. ಮೇಲ್ಮನವಿಯ ಅವಧಿ ಮುಗಿದ ಮೇಲೆ ದಾಖಲೆಯನ್ನು ನಾಶ ಮಾಡಬೇಕೆಂದು ಕಾಯ್ದೆಯ 24ನೇ ಕಲಮು ಹೇಳುತ್ತದೆ. ಅವನ ಹೆಸರು, ಫೋಟೊ ಪೇಪರಿನಲ್ಲಿ, ಟಿವಿಯಲ್ಲಿ ಬರುವ ಹಾಗಿಲ್ಲ. ಏರಿಯಾ ವಾಟ್ಸಾಪ್ ಗ್ರೂಪಿನಲ್ಲಿ ಯಾರಾದರೂ ಹಾಕಿದರೆ ಸುಮ್ನಿರಬೇಡಿ, ಮಂಡಳಿಗೆ ತಿಳಿಸಿ.

ಮನೆಯಲ್ಲಿ ಹೊಡೆಯಬೇಡಿ. ಆದರೆ ಮೊಬೈಲ್ ಕಳೆದುಕೊಂಡವರ ಬಗ್ಗೆ ಅವನ ಹತ್ತಿರ ಮಾತಾಡಿ. ಅವರೂ ನಿಮ್ಮ ಹಾಗೆ ಕಂತು ಕಟ್ಟಿ ತಗೊಂಡಿರಬಹುದು, ಅಲ್ವಾ?

ವಕೀಲರಿಗೆ ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ, ಅಥವಾ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಹೋಗಿ. ಮಕ್ಕಳಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಹುಡುಗನ ಮನೆ, ಓದಿನ ಸ್ಥಿತಿ ವಿಚಾರಿಸುವ ಪ್ರೊಬೇಷನ್ ಆಫೀಸರ್ ಮನೆಗೆ ಬಂದಾಗ ಏನನ್ನೂ ಮುಚ್ಚಿಡಬೇಡಿ, ಅವರ ವರದಿಯನ್ನು ಮಂಡಳಿ ಓದುತ್ತದೆ. ಮುಂದಿನ ತಾರೀಖಿಗೆ ಒಂದು ದಿನದ ಸಂಬಳ ಹೋದರೂ ನೀವೇ ಜೊತೆಗೆ ಬನ್ನಿ. ವಯಸ್ಸಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತನ್ನಿ, ಕಾಲೇಜಿನ ಹಾಜರಿ ಪತ್ರವನ್ನೂ ತನ್ನಿ.