ಗೋಡೆ ಮೇಲೆ ‘ನಾವು’ ಅಂತಿದೆ, ನೋಡಿದ್ರಾ?

ನಮಸ್ಕಾರ.

ಬೆಲ್ಜಿಯಂನ ಕಲಾವಿದ ಪಾಲ್ ಕೋಶಿ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ, ಎತ್ತಿಡುವಂಥದ್ದೂ ಅಲ್ಲ.

ಮೊದಲ ಎರಡು ಪುಟ ತೆಗೆದುಬಿಡಿ. 1875ರಲ್ಲಿ ಆತ್ ಎಂಬ ಊರಿನಲ್ಲಿ ಹುಟ್ಟಿದ್ದು, ಬ್ರಸೆಲ್ಸಿನ ಅಕಾಡೆಮಿಯಲ್ಲಿ ಕಲಿತದ್ದು, 1952ರಲ್ಲಿ ತೀರಿಕೊಂಡದ್ದು, ಎಲ್ಲ ಸರಿ. ಆದರೆ ಓದುವಾಗ ಅರ್ಜಿ ಫಾರಂ ಓದಿದ ಹಾಗಾಗುತ್ತದೆ. ಬರಹಕ್ಕೆ ಉಸಿರು ಬರುವುದು ಮೂರನೇ ಪುಟದಲ್ಲಿ, ಬ್ರಸೆಲ್ಸ್ ಪಕ್ಕದ ಎಟರ್‌ಬೇಕ್‌ನಲ್ಲಿ ಕೋಶಿ ಕಟ್ಟಿಕೊಂಡ ಮನೆಯ ಮುಂದೆ ನೀವು ನಿಂತಾಗ. ಅಲ್ಲಿಂದಲೇ ಶುರು ಮಾಡಿ.

ಅಲ್ಲಿಯೂ ಒಂದು ಎಡವಟ್ಟಿದೆ. ಮುಂಗೋಡೆಯ ಹೆಂಗಸರ ಚಿತ್ರಗಳನ್ನು ‘ಕಲ್ಲಿನಲ್ಲಿ ಕೆತ್ತಿದ ಕವಿತೆ’ ಎಂದಿದ್ದೀರಿ. ಕಲ್ಲೂ ಅಲ್ಲ, ಕವಿತೆಯೂ ಅಲ್ಲ, ಗಾರೆ! ಸ್ಗ್ರಾಫಿಟೊ ಎನ್ನುವ ಕೆಲಸ ಅದು. ಅಡಿಯಲ್ಲಿ ಕಪ್ಪು ಗಾರೆ, ಮೇಲೊಂದು ತೆಳ್ಳನೆಯ ತಿಳಿ ಬಣ್ಣದ ಗಾರೆ. ಮೇಲಿನದು ಹಸಿ ಇರುವಾಗಲೇ ಗೀರಿ ತೆಗೆಯಬೇಕು. ಗೀರಿದ ಕಡೆ ಕೆಳಗಿನ ಕಪ್ಪು ಕಾಣುತ್ತದೆ, ಅದೇ ಚಿತ್ರದ ಗೆರೆ. ಗಾರೆ ಒಣಗಿತೋ, ಕೈ ಕಟ್ಟಿ ಕೂರಬೇಕು. ಚಿತ್ರಕಾರನ ಕೈಯೂ ಬೇಕು, ಮೇಸ್ತ್ರಿಯ ಅವಸರವೂ ಬೇಕು. ಈ ಗಡಿಬಿಡಿ ನಿಮ್ಮ ಬರಹದಲ್ಲಿ ಎಲ್ಲೂ ಇಲ್ಲ.

‘ಬಳ್ಳಿಯಂತೆ ಬಳುಕುವ ಗೆರೆಗಳು’ ಕೂಡ ಬೇಡ. 1900ರ ಆಸುಪಾಸಿನ ಯುರೋಪಿನ ಕಲಾಶೈಲಿ ಆರ್ಟ್ ನೂವೋ ಅಂದ ತಕ್ಷಣ ಎಲ್ಲರೂ ಬರೆಯುವ ಮಾತದು. ಬ್ರಸೆಲ್ಸಿನ ವಾಸ್ತುಶಿಲ್ಪಿ ವಿಕ್ಟರ್ ಓರ್ತಾ ಕಟ್ಟಿದ ಮನೆಗಳಿಗೆ ಒಪ್ಪುತ್ತದೆ. ಕೋಶಿಯ ಮನೆಯಲ್ಲಿ ನೇರ ಗೆರೆಗಳೇ ಜಾಸ್ತಿ, ಗ್ಲಾಸ್ಗೋದ ವಾಸ್ತುಶಿಲ್ಪಿ ಮ್ಯಾಕಿಂಟಾಷ್ ನೆನಪಾಗುತ್ತಾರೆ. ಫೋಟೋ ಇನ್ನೊಮ್ಮೆ ನೋಡಿ.

ಈಗ ನನ್ನ ದೊಡ್ಡ ತಕರಾರು. ಲೀನಾ ಎಲ್ಲಿ? ಕೋಶಿಯ ಹೆಂಡತಿ ಲೀನಾ ವೂಟ್ ಕೂಡ ಚಿತ್ರ ಕಲಾವಿದೆ. ನಿಮ್ಮಲ್ಲಿ ಅವರಿಗೆ ಸಿಕ್ಕಿದ್ದು ಅರ್ಧ ವಾಕ್ಯ, ‘ಬೆನ್ನೆಲುಬಾಗಿ ನಿಂತ ಮಡದಿ’. 1905ರಲ್ಲಿ ಎದ್ದ ಆ ಮನೆಯೇ ಇಬ್ಬರ ಕಸುಬಿನ ಬೋರ್ಡು. ಗಿರಾಕಿ ರಸ್ತೆಯಲ್ಲಿ ನಿಂತೇ ಕೆಲಸದ ಮಾದರಿ ನೋಡಬಹುದಿತ್ತು. ‘ಶ್ರೀ ಮತ್ತು ಶ್ರೀಮತಿ ಕೋಶಿ, ಅಲಂಕಾರ ಕಲಾವಿದರು’ ಎಂದು ಗೋಡೆಯಲ್ಲೇ ಇದೆ. ಜೊತೆಗೆ ‘ಪಾರ್ ನೂ, ಪೂರ್ ನೂ’. ನಮ್ಮಿಂದ, ನಮಗಾಗಿ. ಇದನ್ನು ನೀವು ‘ಸ್ವಂತ ಶ್ರಮದಿಂದ’ ಮಾಡಿಬಿಟ್ಟಿದ್ದೀರಿ. ‘ನಾವು’ ಮಾಯ. ಅವರು ಗಾರೆಯಲ್ಲಿ ಬರೆದಿಟ್ಟಿದ್ದನ್ನು ಪೆನ್ನಿನಲ್ಲಿ ಅಳಿಸಿದ ಹಾಗಾಯಿತು, ಅಲ್ವಾ?

‘ಕಲೆ ಅಮರ’ ಎಂದು ಮುಗಿಸಿದ್ದೀರಿ. ಆ ಮನೆ ಸ್ವಲ್ಪದರಲ್ಲೇ ಉಳಿದದ್ದು ಮಾರಾಯರೇ! ಲೀನಾ 1969ರವರೆಗೆ ಬದುಕಿದ್ದರು. ಆಮೇಲೆ ಮನೆ ಕೆಡವುವ ಮಾತು ಬಂತು. 1975ರಲ್ಲಿ ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ಇಷ್ಟು ಒಳ್ಳೆಯ ಕಥೆಯನ್ನು ಅಡಿಟಿಪ್ಪಣಿಗೆ ಯಾಕೆ ತಳ್ಳಿದಿರಿ? ಮೇಲಕ್ಕೆ ತನ್ನಿ.

ಒಂಬೈನೂರು ಪದ ಸಾಕು. ಮುಂದಿನ ತಿಂಗಳ ಕೊನೆಯೊಳಗೆ ಕಳಿಸಿ. ಇಬ್ಬರ ಹೆಸರೂ ಕಾಣುವಂಥ ಫೋಟೋ ಇದ್ದರೆ ಅದನ್ನೂ ಲಗತ್ತಿಸಿ.

ನಿಮ್ಮ,
ಸಂಪಾದಕ