ಕುದುರೆ ಮಾರಿಸಿ ಅಂತ ಬಂದ ಮನೆಯವರು

ಮಂಡ್ಯ ಜಿಲ್ಲೆಯ ಒಂದು ಪುರಸಭೆ. ಅಲ್ಲಿನ ಸದಸ್ಯರೊಬ್ಬರು, ವಯಸ್ಸು ಐವತ್ತು ದಾಟಿದೆ, ಹಿಂದೆಯೂ ಒಮ್ಮೆ ಗೆದ್ದವರು. ಗದ್ದೆ ಇದೆ, ಆಲೆಮನೆ ಇದೆ, ಮೈಸೂರು ರೇಸ್‌ಕೋರ್ಸ್‌ನಲ್ಲಿರುವ ಒಂದು ಹೆಣ್ಣು ಕುದುರೆಯಲ್ಲಿ ಇಬ್ಬರು ಸ್ನೇಹಿತರ ಜೊತೆ ಪಾಲು ಇದೆ. ಗುರುತು ಹಿಡಿಯುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಅವರೂ ಅವರ ಮನೆಯವರೂ ಓದಿ ಒಪ್ಪಿದ ಮೇಲೆಯೇ ಇದನ್ನು ಹಾಕುತ್ತಿರುವುದು. ಊರಲ್ಲಿ ಅವರನ್ನು ಎಲ್ಲರೂ ಮೆಂಬರು ಅಂತಲೇ ಕರೆಯುತ್ತಾರೆ, ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಅವರಾಗಿ ಬಂದವರಲ್ಲ. ರಾತ್ರಿ ಮೂರೂವರೆಗೆಲ್ಲ ಎಚ್ಚರ ಆಗುತ್ತಿತ್ತು, ಆಮೇಲೆ ನಿದ್ದೆ ಇಲ್ಲ. ಎದೆ ಹಿಡಿದ ಹಾಗಾಗುತ್ತದೆ ಅಂತ ಆಸ್ಪತ್ರೆಗೆ ಹೋದರೆ ಇಸಿಜಿ, ಎಕೋ ಎರಡೂ ಸರಿ ಇದ್ದವು, ಬಿಪಿ ಮಾತ್ರ ಜಾಸ್ತಿ. ಡಾಕ್ಟರು ಆಪ್ತಸಮಾಲೋಚನೆಗೆ ಅಂತ ನನ್ನ ಹತ್ತಿರ ಕಳಿಸಿದರು. ಜೊತೆಗೆ ಹೆಂಡತಿ, ಮಗಳು. ಕೂತ ತಕ್ಷಣ ಮಗಳು ಹೇಳಿದ ಮೊದಲ ಮಾತು: "ಮೇಡಂ, ಅಪ್ಪಂಗೆ ಕುದುರೆ ಹುಚ್ಚು ಬಿಡಿಸಿ. ಅದನ್ನ ಮಾರಿಸಿಬಿಟ್ರೆ ಸಾಕು, ಎಲ್ಲಾ ಸರಿಹೋಗುತ್ತೆ." ಅಮ್ಮನ ಬಳೆ, ಸರ ಗಿರವಿಗೆ ಹೋಗಿದ್ದು ಆ ವಾರವಷ್ಟೇ ಗೊತ್ತಾಗಿತ್ತು. ಬೀರುವಿನಲ್ಲಿ ರಸೀದಿ ಸಿಕ್ಕಿತ್ತು. ಹೆಂಡತಿ ಮಾತೇ ಆಡಲಿಲ್ಲ. ಮೆಂಬರು ಗೋಡೆ ಕಡೆ ನೋಡುತ್ತಾ, "ಕುದುರೆ ಹೋದ್ರೆ ನಾನೂ ಉಳಿಯಲ್ಲ ಬಿಡಿ" ಅಂದರು.

ಇಂಥ ಮಾತು ಬಂದಾಗ ನಾನು ದಾಟಿಸಿ ಹೋಗುವುದಿಲ್ಲ. ಹೆಂಡತಿ ಮಗಳನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ನೇರವಾಗಿ ಕೇಳಿದೆ, ಸಾಯಬೇಕು ಅನ್ನಿಸುತ್ತಾ, ಹೇಗೆ ಅಂತ ಏನಾದರೂ ಯೋಚನೆ ಮಾಡಿದ್ದೀರಾ ಅಂತ. ಹೀಗೆ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ, ಒಳಗೆ ಇದ್ದರೆ ಹೇಳಲು ದಾರಿ ಆಗುತ್ತದೆ. ಅವರಿಗೆ ಆಗಾಗ "ಇಲ್ಲದೇ ಹೋದರೆ ಒಳ್ಳೇದಿತ್ತು" ಅನ್ನಿಸುತ್ತಿತ್ತು, ಅದರಿಂದ ಮುಂದಕ್ಕೆ ಹೋಗಿರಲಿಲ್ಲ. ಆದರೂ ರಾತ್ರಿ ಅಂಥ ಯೋಚನೆ ಬಂದರೆ ಮೊದಲು ಯಾರನ್ನು ಎಬ್ಬಿಸಬೇಕು ಅಂತ ಮಾತಾಡಿಕೊಂಡೆವು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಅವರ ಫೋನಿನಲ್ಲಿ ಅವರ ಕೈಯಿಂದಲೇ ಸೇವ್ ಮಾಡಿಸಿದೆ. ಹಗಲು ರಾತ್ರಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೆಯಲ್ಲಿ ಕಬ್ಬಿಗೆ ತಂದ ಔಷಧಿ ಎಲ್ಲಿಡುತ್ತೀರಿ ಅಂತಲೂ ಕೇಳಿ, ಅದನ್ನು ಆಲೆಮನೆಯ ಕೋಣೆಗೆ ಸಾಗಿಸಿ ಬೀಗದ ಕೈಯನ್ನು ತಮ್ಮನ ಹತ್ತಿರ ಕೊಡಿಸಿದೆ.

ಆಮೇಲೆ ಕುದುರೆ ವಿಷಯಕ್ಕೆ ಬಂದೆವು. ಮಗಳು ಕುದುರೆ ಹುಚ್ಚು ಅಂದಿದ್ದಳು, ಹಾಗಾಗಿ ಜೂಜಿನ ಚಟ ಇದೆಯಾ ಅಂತಲೇ ಮೊದಲು ನೋಡಬೇಕಿತ್ತು. ಅದಕ್ಕೆ ಕೇಳುವ ಪ್ರಶ್ನೆಗಳು ಗಟ್ಟಿಯಾಗಿವೆ. ಬರಬರುತ್ತಾ ಜಾಸ್ತಿ ದುಡ್ಡು ಕಟ್ಟಿದರೇ ಸಮಾಧಾನ ಆಗುತ್ತಾ, ಬಿಟ್ಟರೆ ಚಡಪಡಿಕೆಯಾ, ಸೋತಿದ್ದನ್ನು ವಾಪಸ್ ಪಡೆಯಬೇಕು ಅಂತ ಮಾರನೇ ದಿನವೇ ಮತ್ತೆ ಹೋಗುತ್ತೀರಾ, ಮನೆಯಲ್ಲಿ ಸುಳ್ಳು ಹೇಳಿದ್ದೀರಾ, ಸಾಲ ತೀರಿಸಲು ಬೇರೆಯವರ ಕಾಲಿಗೆ ಬಿದ್ದಿದ್ದೀರಾ. ಹೀಗೆ ಒಂಬತ್ತು ಲಕ್ಷಣ. ಒಂದು ವರ್ಷದೊಳಗೆ ಅದರಲ್ಲಿ ನಾಲ್ಕು ಇದ್ದರೆ ಚಟ ಅನ್ನುತ್ತೇವೆ. ಮೆಂಬರು ಬಾಜಿ ಕಟ್ಟುವುದು ತಮ್ಮ ಕುದುರೆ ಓಡುವ ದಿನ ಮಾತ್ರ, ಅದೂ ಚಿಕ್ಕ ಮೊತ್ತ. ಸೋತರೆ ಮಸಾಲೆ ದೋಸೆ ತಿಂದು ಊರಿಗೆ ಬಂದುಬಿಡುತ್ತಾರೆ. ಇದು ಜೂಜಿನ ಚಟ ಅಲ್ಲ. ಆದರೆ ಸುಳ್ಳು, ಸಾಲ ಎರಡೂ ಇದ್ದವಲ್ಲ, ಅವು ಎಲ್ಲಿಂದ ಬಂದವು?

ಇಲ್ಲಿ ಒಂದು ವಿಷಯ ಹೇಳಲೇಬೇಕು. ಈ ಸೀಮೆಯಲ್ಲಿ ಕುದುರೆ ಅಂದರೆ ಜನರ ಕಣ್ಣು ಅತ್ತಲೇ ಹೋಗುತ್ತದೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪು ಕಾಲದಿಂದ ಇದೆ, ದಸರಾದಲ್ಲಿ ಕುದುರೆ ಪೊಲೀಸರನ್ನು ನೋಡಿಯೇ ನಾವೆಲ್ಲ ಬೆಳೆದದ್ದು, ಚಾಮುಂಡಿ ಬೆಟ್ಟದ ಕೆಳಗೆ ರೇಸ್‌ಕೋರ್ಸ್ ಎಲ್ಲರ ಕಣ್ಣೆದುರಿಗಿದೆ. ಕುದುರೆ ರೇಸು ಬರೀ ಅದೃಷ್ಟದಾಟ ಅಲ್ಲ, ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ. ಆದರೂ ಮನೆಗಳಲ್ಲಿ ಕುದುರೆ ಅಂದರೆ ಹಾಳಾಗುವುದು ಅಂತಲೇ ಅರ್ಥ. ಬಾಜಿ ಕಟ್ಟಿ ಹಾಳಾದ ಮನೆಗಳನ್ನು ನಾನೂ ನೋಡಿದ್ದೇನೆ, ಆ ಭಯಕ್ಕೆ ಕಾರಣ ಇದೆ. ಆದರೆ ಕುದುರೆ ಸಾಕುವವರು, ಬಾಜಿ ಕಟ್ಟುವವರು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಲೆಕ್ಕ ತನ್ನಿ ಅಂದೆ. ಕುದುರೆಯದ್ದು ತಕ್ಷಣ ಬಂತು. ಟ್ರೈನರ್ ಕಳಿಸುವ ತಿಂಗಳ ಬಿಲ್ಲು, ಮೇವು, ಲಾಳ, ಡಾಕ್ಟರ್ ಫೀಸು, ಮೂರು ಪಾಲುದಾರರ ಹಂಚಿಕೆ, ಎಲ್ಲ ಒಂದು ಫೈಲಿನಲ್ಲಿ. ಇಷ್ಟು ಚೊಕ್ಕವಾಗಿ ಇರಲು ಕಾರಣ ಇದೆ. ಓಟದ ಕುದುರೆ ಸಾಕಿದ ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ, ಮುಂದಿನ 4 ವರ್ಷದೊಳಗೆ ಕುದುರೆಯಿಂದಲೇ ಬರುವ ಆದಾಯದಲ್ಲಿ ಮಾತ್ರ ಕಳೆಯಬಹುದು. ಹಾಗಾಗಿ ಆಡಿಟರ್ ಅದನ್ನು ಬೇರೆಯಾಗಿಯೇ ಬರೆಸಿದ್ದರು. ಮನೆಯಲ್ಲಿ ಬರೆದಿಟ್ಟ ಖರ್ಚು ಅಂತ ಇದ್ದದ್ದು ಇದೊಂದೇ. ಕಣ್ಣಿಗೆ ಬಿದ್ದದ್ದೂ ಇದೊಂದೇ, ಬೈಸಿಕೊಂಡದ್ದೂ ಇದೊಂದೇ.

ಉಳಿದದ್ದು ಎಲ್ಲೂ ಬರೆದಿರಲಿಲ್ಲ.

ನಿದ್ದೆ ಬಗ್ಗೆ ಕೇಳುವಾಗ, ವರ್ಷದಲ್ಲಿ ಯಾವಾಗಲಾದರೂ ಚೆನ್ನಾಗಿ ನಿದ್ದೆ ಬಂದಿದೆಯಾ ಅಂದೆ. ಸ್ವಲ್ಪ ಯೋಚಿಸಿ, "ಆಷಾಢದಲ್ಲಿ ಬರುತ್ತೆ" ಅಂದರು. ಹೆಂಡತಿ ಆಗ ಮೊದಲ ಸಲ ತಲೆ ಎತ್ತಿ, ಹೌದು, ಆ ತಿಂಗಳು ಇವರು ಮನುಷ್ಯರ ಹಾಗೆ ಇರುತ್ತಾರೆ ಅಂದರು. ಕುದುರೆ ಬಿಲ್ಲು ಆಷಾಢದಲ್ಲೂ ಬರುತ್ತದೆ. ಆಷಾಢದಲ್ಲಿ ಬರದೇ ಇರುವುದು ಮದುವೆ, ಗೃಹಪ್ರವೇಶ, ನಾಮಕರಣ. ಅವರ ಮನೆ ಜಗಲಿ ಮೇಲೆ ಬೆಳಿಗ್ಗೆ ಆರಕ್ಕೇ ಜನ ಇರುತ್ತಾರಂತೆ. ಲಗ್ನಪತ್ರಿಕೆ ಕೊಟ್ಟರೆ ಮುಯ್ಯಿ ಮಾಡಬೇಕು, ಮೆಂಬರು ಅಂದ ಮೇಲೆ ಎಲ್ಲರ ಹಾಗೆ ಮಾಡಿದರೆ ಆಗಲ್ಲ. ಗಣಪತಿ ಕೂರಿಸುವ ಹುಡುಗರು, ವಾಲಿಬಾಲ್ ಟೂರ್ನಮೆಂಟಿಗೆ ಕಪ್ಪು ಕೇಳುವ ಹುಡುಗರು, ಮಾರಿಹಬ್ಬ, ತಿಥಿ, ಯಾರದೋ ಆಸ್ಪತ್ರೆ ಬಿಲ್ಲು, ಯಾರದೋ ಮಗಳ ಕಾಲೇಜು ಫೀಸು. ಪುರಸಭೆಯಿಂದ ಸದಸ್ಯರಿಗೆ ಬರುವ ಗೌರವಧನ ಇದಕ್ಕೆಲ್ಲ ಯಾವ ಮೂಲೆಗೂ ಸಾಲುವುದಿಲ್ಲ. ಗದ್ದೆ ದುಡ್ಡು ಹೋಯಿತು, ಆಲೆಮನೆ ದುಡ್ಡು ಹೋಯಿತು, ಆಮೇಲೆ ಕೈಸಾಲ, ನೂರಕ್ಕೆ ಐದರ ಬಡ್ಡಿ. ಕೊನೆಗೆ ಬಳೆ, ಸರ.

ಜೇಬಿನಲ್ಲಿ ಐನೂರರ ನೋಟು ಮಡಚಿ ಇಟ್ಟುಕೊಳ್ಳುತ್ತಾರೆ, ಬಲಗಡೆ ಬೇರೆ, ಎಡಗಡೆ ಬೇರೆ. ಯಾರಿಗೆ ಎಷ್ಟು ಅಂತ ಮುಖ ನೋಡಿದ ತಕ್ಷಣ ಕೈ ಆ ಜೇಬಿಗೇ ಹೋಗುತ್ತದಂತೆ. ನನ್ನೆದುರು ಮಾತಾಡುವಾಗಲೂ ಆ ಎಡಗೈ ಜೇಬಿನ ಹತ್ತಿರವೇ ಆಡುತ್ತಿತ್ತು.

ಇಲ್ಲ ಅಂದರೆ ಏನಾಗುತ್ತೆ ಅಂತ ಕೇಳಿದೆ. "ಇಲ್ಲ ಅಂದ್ರೆ ಮೆಂಬರು ಅಂತ ಯಾಕಿರಬೇಕು ಮೇಡಂ?" ಅವಧಿ ಮುಗಿಯುತ್ತಾ ಬಂದಿತ್ತು, ಮುಂದಿನ ಸಲ ವಾರ್ಡಿನ ಮೀಸಲಾತಿ ಯಾರಿಗೆ ಹೋಗುತ್ತೋ ಗೊತ್ತಿಲ್ಲ, ಸೀಟು ಕೈತಪ್ಪಿದರೆ ತನ್ನನ್ನು ಯಾರು ಮಾತಾಡಿಸುತ್ತಾರೆ ಅನ್ನುವ ಭಯ. ಈ ಭಯದಲ್ಲಿ ಕೊಡುವ ಕೈ ಇನ್ನೂ ಜೋರಾಗಿತ್ತು.

ಹಾಗಾದರೆ ಕುದುರೆ ಯಾಕೆ? ವಾರಕ್ಕೊಮ್ಮೆ ನಸುಕಿಗೇ ಎದ್ದು ಮೈಸೂರಿಗೆ ಹೋಗುತ್ತಾರೆ. ಟ್ರ್ಯಾಕಿನ ಬೇಲಿ ಹತ್ತಿರ ಟೀ ಹಿಡಿದು ನಿಲ್ಲುತ್ತಾರೆ. ಓಡಿ ಬಂದ ಕುದುರೆಯನ್ನು ಸೈಸ್, ಅಂದರೆ ಅದನ್ನು ನೋಡಿಕೊಳ್ಳುವ ಆಳು, ನಡೆಸಿಕೊಂಡು ಬರುತ್ತಾನೆ, ಅದು ನೇರ ಇವರ ಅಂಗಿ ಜೇಬಿಗೆ ಮೂತಿ ಹಾಕುತ್ತದೆ, ಆಲೆಮನೆ ಬೆಲ್ಲ ಅಲ್ಲಿರುತ್ತದೆ ಅಂತ ಅದಕ್ಕೆ ಗೊತ್ತು. ಆ ಜಾಗದಲ್ಲಿ ಇವರನ್ನು ಮೆಂಬರು ಅಂತ ಯಾರೂ ಕರೆಯುವುದಿಲ್ಲ. "ಬೆಲ್ಲ ಬಿಟ್ರೆ ಅದು ನನ್ನ ಹತ್ರ ಇನ್ನೇನೂ ಕೇಳಲ್ಲ" ಅಂದಾಗ ಅವರ ಗಂಟಲು ಕಟ್ಟಿತು. ಮಗಳು ಆಗ ಅಪ್ಪನನ್ನೇ ನೋಡುತ್ತಿದ್ದಳು.

ನನ್ನ ಅಭಿಪ್ರಾಯ ಇದು, ಮನೆಯವರಿಗೂ ಹೀಗೇ ಹೇಳಿದೆ. ಕುದುರೆ ಮಾರಿದರೆ ತಿಂಗಳ ಬಿಲ್ಲು ಉಳಿಯುತ್ತದೆ, ನಿಜ. ಆದರೆ ಉಳಿದ ದುಡ್ಡು ಅದೇ ಜಗಲಿ ಮೇಲೆ ಖಾಲಿ ಆಗುತ್ತದೆ. ಅವರಿಗೆ ಉಸಿರು ಬಿಡಲು ಇರುವ ಒಂದೇ ಜಾಗ ಮಾತ್ರ ಹೋಗುತ್ತದೆ. ಸೋರುವುದು ಬೇರೆ ಕಡೆ ಇದೆ.

ಆದರೆ ಕುದುರೆ ವಿಷಯದಲ್ಲೂ ಒಂದು ಕಷ್ಟ ಇತ್ತು, ಅದು ಮೂರನೇ ಭೇಟಿಯಲ್ಲಿ ಹೊರಗೆ ಬಂತು. ಕುದುರೆಯ ಮುಂಗಾಲಿನ ಹಿಂಬದಿಯ ಟೆಂಡನ್, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಊದಿತ್ತು. ಬೆಳಿಗ್ಗೆ ಬೆರಳಿನಿಂದ ಮೇಲಿಂದ ಕೆಳಗೆ ಸವರಿದರೆ ಒಂದು ಕಡೆ ಬಿಸಿ ತಾಗುತ್ತಿತ್ತಂತೆ. ಸ್ಕ್ಯಾನ್ ಮಾಡಿ, ನಾರು ಹರಿದಿದೆ, ಸುಮಾರು ಒಂದು ವರ್ಷ ಓಡಿಸಬೇಡಿ ಅಂದರು ಕುದುರೆ ಡಾಕ್ಟರು. ನಾನ್ನೂರು ಐನೂರು ಕಿಲೋ ತೂಗುವ ಪ್ರಾಣಿ, ಜೋರಾಗಿ ಓಡುವಾಗ ಒಂದೊಂದು ಗಳಿಗೆ ಇಡೀ ಭಾರ ಒಂದೇ ಕಾಲಿನ ಮೇಲೆ ಬೀಳುತ್ತದೆ. ಟೆಂಡನ್‌ಗೆ ರಕ್ತ ಹರಿಯುವುದು ಕಡಿಮೆ, ಹಾಗಾಗಿ ನಿಧಾನಕ್ಕೆ ಕೂಡುತ್ತದೆ, ಪೂರ್ತಿ ಕೂಡುವ ಮೊದಲೇ ಓಡಿಸಿದರೆ ಮತ್ತೆ ಹರಿಯುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಮೆಂಬರು ಇನ್ನೊಂದು ರೇಸ್ ಓಡಿಸೋಣ ಅಂತ ಪಾಲುದಾರರ ಹಿಂದೆ ಬಿದ್ದಿದ್ದರು. ಯಾಕೆ ಅಂದರೆ, ಗೆದ್ದ ದುಡ್ಡಲ್ಲಿ ದೇವಸ್ಥಾನದ ತೇರು ರಿಪೇರಿ ಮಾಡಿಸಿಕೊಡ್ತೀನಿ ಅಂತ ಊರವರ ಮುಂದೆ ಮಾತು ಕೊಟ್ಟಾಗಿತ್ತು. ಜಗಲಿ ಮೇಲೆ ಇಲ್ಲ ಅನ್ನಲಾರದ್ದು ಲಾಯದವರೆಗೂ ಬಂದಿತ್ತು. ನೋವಿರುವ ಪ್ರಾಣಿಯನ್ನು ಓಡಿಸಿ ತೇರು ಕಟ್ಟಿಸಿದರೆ ನಿಮ್ಮ ಮನಸ್ಸಿಗೆ ಒಪ್ಪುತ್ತಾ ಅಂತ ಕೇಳಿದೆ. ತುಂಬಾ ಹೊತ್ತು ಸುಮ್ಮನಿದ್ದರು. ಇಲ್ಲ ಅಂದರು.

ನಾವು ಮಾಡಿಕೊಂಡ ಏರ್ಪಾಟು ಹೀಗಿತ್ತು. ಮೊದಲು ಹೆಂಡತಿಗೆ ಎಲ್ಲ ಸಾಲ ಹೇಳುವುದು, ಒಂದೂ ಬಿಡದ ಹಾಗೆ, ನನ್ನೆದುರೇ. ಇದು ಕಷ್ಟದ ದಿನ. ಅರ್ಧಕ್ಕೆ ನಿಲ್ಲಿಸಿ ಹೊರಗೆ ಹೋಗಿ ನೀರು ಕುಡಿದು ಬಂದರು. ಹೆಂಡತಿ ಕೋಪ ಮಾಡಿದ್ದು ಬಂಗಾರಕ್ಕಲ್ಲ. "ನಂಗೆ ಒಂದು ಮಾತು ಹೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ನಲ್ಲಾ" ಅಂದರು, ಅದಾದ ಮೇಲೆ ಅತ್ತರು. ನಾನು ಅವರಿಬ್ಬರಿಗೂ ಸಮಯ ಕೊಟ್ಟೆ, ಸಮಾಧಾನ ಹೇಳಲು ಆತುರ ಮಾಡಲಿಲ್ಲ.

ಜಗಲಿಯಲ್ಲಿ ಕೊಡುವುದನ್ನೂ ಕುದುರೆ ಬಿಲ್ಲನ್ನೂ ಒಂದೇ ನೋಟ್‌ಬುಕ್ಕಲ್ಲಿ ಬರೆಯಬೇಕು, ರಾತ್ರಿ ಊಟ ಆದ ಮೇಲೆ, ಇಬ್ಬರೂ ಕೂತು. ತಿಂಗಳಿಗೆ ಇಷ್ಟೇ ಅಂತ ಮೊದಲೇ ತೆಗೆದಿಡಬೇಕು, ಮುಗಿದರೆ ಮುಗಿಯಿತು. ಬೆಳಿಗ್ಗೆ ಜೇಬು ಖಾಲಿ ಇಟ್ಟುಕೊಂಡು ಜಗಲಿಗೆ ಬರಬೇಕು. ಇಲ್ಲ ಅನ್ನುವುದನ್ನು ನಾವು ಬಾಯಿಬಿಟ್ಟು ಅಭ್ಯಾಸ ಮಾಡಿದೆವು, ನಾನು ಕೇಳುವವಳಾದೆ, ಅವರು ಉತ್ತರ ಕೊಡಬೇಕು. ಮೊದಲು "ನಮ್ಮನೆಯವ್ರನ್ನ ಕೇಳಿ ಹೇಳ್ತೀನಿ" ಅಂದರು. ಅದು ಬೇಡ ಅಂದೆ. ಊರವರ ಕಣ್ಣಲ್ಲಿ ಹೆಂಡತಿ ಕೆಟ್ಟವರಾಗುತ್ತಾರೆ. "ದುಡ್ಡಾಗಲ್ಲ ಕಣಪ್ಪ, ಕೆಲಸ ಏನಾಗಬೇಕು ಹೇಳು" ಅನ್ನುವ ಮಾತಿಗೆ ಬರಲು ಒಂದಷ್ಟು ವಾರ ಹಿಡಿಯಿತು. ಆದರೆ ಆ ಮಾತಲ್ಲಿ ಸತ್ಯ ಇದೆ. ಆಸ್ಪತ್ರೆ ಬಿಲ್ಲಿಗೆ ಅಂತ ಬಂದವನಿಗೆ ಇವರು ಜೇಬಿಂದ ಕೊಡುವುದು ಎರಡು ಸಾವಿರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡ್ ಮಾಡಿಸುವುದು, ರೆಫರಲ್ ಬರೆಸುವುದು, ಜೊತೆಗೆ ಹೋಗಿ ಮಾತಾಡುವುದು, ಒಬ್ಬ ಸದಸ್ಯರಿಗೆ ಇದಕ್ಕಿಂತ ಒಳ್ಳೆ ಕೆಲಸ ಬೇಕಾ?

ಬಡ್ಡಿ ಸಾಲಕ್ಕೆ ವಕೀಲರನ್ನು ನೋಡಿ ಅಂದೆ. ಕರ್ನಾಟಕದಲ್ಲಿ ವಿಪರೀತ ಬಡ್ಡಿ ವಸೂಲಿ ನಿಷೇಧಿಸುವ 2004ರ ಕಾನೂನು ಇದೆ, ಅದು ಗೊತ್ತಿದ್ದರೆ ಸಾಲ ಕೊಟ್ಟವನ ಎದುರು ಕೂತು ಮಾತಾಡುವ ಧೈರ್ಯವೇ ಬೇರೆ ಇರುತ್ತದೆ. ಎದೆ ಹಿಡಿದಾಗ ಹೊಟ್ಟೆಯಿಂದ ನಿಧಾನಕ್ಕೆ ಉಸಿರಾಡುವುದು, ಸಂಜೆ ಆರರ ಮೇಲೆ ಟೀ ಬಿಡುವುದು, ಇವೂ ಹೇಳಿದೆ. ಬಿಪಿ ಮಾತ್ರೆ ನಿಲ್ಲಿಸಬಾರದು.

ತೇರಿನ ವಿಷಯ ಅವರೇ ಹೋಗಿ ಸಮಿತಿಯವರಿಗೆ ಹೇಳಿದರು, ಜಾತ್ರೆ ಹತ್ತಿರ ಬರುವ ಮೊದಲೇ. ಕುದುರೆ ಕಾಲಿಗೆ ಪೆಟ್ಟಾಗಿದೆ, ಈ ವರ್ಷ ಆಗಲ್ಲ ಅಂತ. ಒಬ್ಬಿಬ್ಬರು ಮುಖ ಸಿಂಡರಿಸಿದರಂತೆ. ಒಬ್ಬ ಹಿರಿಯರು ಮಾತ್ರ ಕುದುರೆ ಹೇಗಿದೆ ಅಂತ ವಿಚಾರಿಸಿದರಂತೆ. ಮನೆ ಮನೆಗೆ ಚೀಟಿ ಹಾಕಿ ತೇರಿನ ಕೆಲಸ ಶುರು ಮಾಡಿದ್ದಾರೆ. ಇವರೂ ಎಲ್ಲರಷ್ಟೇ ಕೊಟ್ಟಿದ್ದಾರೆ.

ನಿಜವಾಗಿಯೂ ಬಾಜಿ ಕಟ್ಟುವುದರಲ್ಲೇ ಸಿಕ್ಕಿಹಾಕಿಕೊಂಡವರ ಮನೆಯವರು ಇದನ್ನು ಓದುತ್ತಿದ್ದರೆ ಒಂದು ಮಾತು. ಈ ಸಲಹೆ ನಿಮಗೆ ಸಾಲುವುದಿಲ್ಲ. ಮೇಲೆ ಬರೆದ ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಹೌದು ಅಂತ ಬಂದರೆ ಮನೋವೈದ್ಯರನ್ನು ನೋಡಿ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟಗಳಿಗೇ ಬೇರೆ ವಿಭಾಗ ಇದೆ. ಅವರ ಸಾಲವನ್ನು ನೀವು ತೀರಿಸಿ ಮುಚ್ಚಿಹಾಕಬೇಡಿ, ಬ್ಯಾಂಕ್ ಖಾತೆ, ಯುಪಿಐ ಎಲ್ಲ ಸ್ವಲ್ಪ ಕಾಲ ಬೇರೆಯವರ ಕೈಯಲ್ಲಿರಲಿ.

ಮೆಂಬರು ಈಗ ಬೆಳಗಿನ ಐದರವರೆಗೆ ಮಲಗುತ್ತಾರೆ, ದಿನಾ ಅಲ್ಲ. ಒಂದು ಕೈಸಾಲ ತೀರಿದೆ, ಬಳೆ ಬಿಡಿಸಿಕೊಂಡಿದ್ದಾರೆ, ಸರ ಇನ್ನೂ ಬಿಡಿಸಬೇಕು. ಕುದುರೆ ಸ್ನೇಹಿತರ ತೋಟದಲ್ಲಿ ವಿಶ್ರಾಂತಿಯಲ್ಲಿದೆ, ಮರಿ ಹಾಕಿಸುವುದೋ ಮತ್ತೆ ಓಡಿಸುವುದೋ ಅಂತ ಮುಂದಿನ ಸ್ಕ್ಯಾನ್ ನೋಡಿ ಮೂವರು ಪಾಲುದಾರರೂ ತೀರ್ಮಾನ ಮಾಡುತ್ತಾರೆ. ಕಳೆದ ಸಲ ಬಂದಾಗ ಹೆಂಡತಿ, ಮುಂದಿನ ಚುನಾವಣೆಗೆ ಇವರು ನಿಲ್ಲಬಹುದಾ ಅಂತ ನನ್ನನ್ನು ಕೇಳಿದರು. ಅದು ನಾನು ಹೇಳುವಂಥದ್ದಲ್ಲ ಅಂದೆ. ನಿಲ್ಲುವುದಾದರೆ ನಾಮಪತ್ರದ ಜೊತೆ ಆಸ್ತಿ, ಸಾಲ ಎರಡನ್ನೂ ಬರೆದು ಕೊಡಬೇಕಾಗುತ್ತದೆ, ಆ ಹಾಳೆಯನ್ನು ಈಗಲೇ ಮನೆಯಲ್ಲಿ ಕೂತು ತುಂಬಿ ನೋಡಿ, ತುಂಬಿದ ಮೇಲೆ ಇಬ್ಬರಿಗೂ ಏನನ್ನಿಸುತ್ತೋ ಬಂದು ಹೇಳಿ ಅಂದಿದ್ದೇನೆ. ವಾರ್ಡಿನ ಮೀಸಲಾತಿ ಪಟ್ಟಿ ಬಂದ ಮೇಲೆ ಬರುತ್ತೇವೆ ಅಂದಿದ್ದಾರೆ.