ಜುಲೈ ಮುಗಿದ ಮೇಲಿನ ವಸಾಗಾ

ಓದುಗರ ಪತ್ರ: “ಕೆನಡಾದ ವಸಾಗಾ ಬೀಚ್‌ಗೆ ವರ್ಷವಿಡೀ ಹೋಗಬಹುದೆಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಾವು ಜುಲೈಯಲ್ಲಿ ಹೋದಾಗ ಕಾರು ನಿಲ್ಲಿಸಲೂ ಜಾಗವಿರಲಿಲ್ಲ. ಬೇಸಿಗೆ ಮುಗಿದರೆ ಅಂಗಡಿಗಳೇ ಮುಚ್ಚಿರುತ್ತವಂತೆ. ನವೆಂಬರಿನಲ್ಲಿ ಅಮ್ಮ ಕುಂದಾಪುರದಿಂದ ಬಂದು ಏಪ್ರಿಲ್‌ವರೆಗೆ ನಮ್ಮೊಂದಿಗಿರುತ್ತಾರೆ. ಮರವಂತೆ ನೋಡಿ ಬೆಳೆದವರಿಗೆ ಆ ಚಳಿಯಲ್ಲಿ ಉಪ್ಪಿಲ್ಲದ ಕಡಲನ್ನು ಏನೆಂದು ತೋರಿಸಲಿ? ಇನ್ನೊಂದು ಮಾತು: ದಂಡೆಯ ಹಿಂದಿನ ಮರಳು ದಿಬ್ಬಗಳನ್ನೂ ಬೇಲಿಗಳನ್ನೂ ತೆಗೆದುಹಾಕಿದರೆ ಜನರಿಗೆ ಎಷ್ಟೊಂದು ಜಾಗವಾಗುತ್ತದೆ!” (ಬ್ರಾಂಪ್ಟನ್‌ನಿಂದ ಒಬ್ಬರು)

ಸಂಪಾದಕರ ಉತ್ತರ:

ಮಾನ್ಯರೇ,

ನಿಮ್ಮ ಕೊನೆಯ ಮಾತಿನಿಂದಲೇ ಶುರುಮಾಡುತ್ತೇನೆ. ಆ ದಿಬ್ಬಗಳು ಹೋದರೆ ವಸಾಗಾದಲ್ಲಿ ಜುಲೈ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ವಸಾಗಾ ಇರುವುದು ಗ್ರೇಟ್ ಲೇಕ್ಸ್ ಎಂಬ ಮಹಾಸರೋವರಗಳಲ್ಲಿ ಒಂದಾದ ಹ್ಯೂರನ್ನಿನ ಜಾರ್ಜಿಯನ್ ಬೇ ಎಂಬ ಕೊಲ್ಲಿಯ ದಡದಲ್ಲಿ. ಹಿಮಯುಗದ ಮಂಜುಗಡ್ಡೆ ಹಿಂದೆ ಸರಿದ ಮೇಲೆ ಈ ಸರೋವರಗಳ ನೀರಿನ ಮಟ್ಟ ಎಷ್ಟೋ ಸಲ ಏರಿತು, ಇಳಿಯಿತು. ಸುಮಾರು 5,000 ವರ್ಷಗಳ ಹಿಂದೆ ನೀರು ಈಗಿನ ದಂಡೆಗಿಂತ ಎಷ್ಟೋ ಒಳಗಿತ್ತು. ಅದು ಇಳಿಯುತ್ತ ಬಂದಂತೆ ಬಿಟ್ಟುಹೋದ ಮರಳನ್ನು ಗಾಳಿ ಲಾಳದ ಆಕಾರದಲ್ಲಿ ಗುಡ್ಡೆಹಾಕಿತು. ಅದರ ಮೇಲೆ ಪೈನ್, ಓಕ್ ಮರಗಳು ಬೇರುಬಿಟ್ಟವು. ದಂಡೆಯ ಪಕ್ಕದ ಸಣ್ಣ ದಿಬ್ಬಗಳದ್ದು ಇನ್ನೂ ಎಳೆಯ ಪ್ರಾಯ. ಅವನ್ನು ಹಿಡಿದು ನಿಲ್ಲಿಸಿರುವುದು ಮ್ಯಾರಮ್ ಎಂಬ ಹುಲ್ಲು. ಗಾಳಿ ಮರಳು ತಂದು ಮುಚ್ಚಿದಷ್ಟೂ ಅದು ಮೇಲೆದ್ದು ಬೆಳೆಯುತ್ತದೆ, ಆದರೆ ಮನುಷ್ಯರ ಕಾಲ್ತುಳಿತವನ್ನು ತಡೆಯಲಾರದು. ಹುಲ್ಲು ಸತ್ತ ಕಡೆ ಗಾಳಿ ಮರಳನ್ನು ರಸ್ತೆಗೂ ಮನೆಯಂಗಳಕ್ಕೂ ಹೊತ್ತೊಯ್ಯುತ್ತದೆ.

ನೀವು ಕಂಡ ಬೇಲಿಗಳಲ್ಲಿ ಕೆಲವು ಒಂದು ಹಕ್ಕಿಗಾಗಿ ಹಾಕಿದವು. ಪೈಪಿಂಗ್ ಪ್ಲವರ್ ಅದರ ಹೆಸರು. ಗುಬ್ಬಿಗಿಂತ ತುಸು ದೊಡ್ಡದು. ಬೆನ್ನು ಒಣಮರಳಿನ ಬಣ್ಣ, ಕಾಲು ಕಿತ್ತಳೆ, ಕೊರಳಿಗೊಂದು ಕಪ್ಪು ಪಟ್ಟಿ. ನಾಲ್ಕು ಹೆಜ್ಜೆ ಓಡಿ ತಟ್ಟನೆ ನಿಲ್ಲುತ್ತದೆ. ನಿಂತರೆ ಮರಳಲ್ಲಿ ಮರಳಾಗಿಬಿಡುತ್ತದೆ. ಗೂಡೆಂದರೆ ಬಯಲಲ್ಲೇ ಕೆರೆದ ಸಣ್ಣ ತಗ್ಗು, ಅದರಲ್ಲಿ ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಗಂಡು ಹೆಣ್ಣು ಸರದಿಯ ಮೇಲೆ ಸುಮಾರು ನಾಲ್ಕು ವಾರ ಕಾವು ಕೊಡುತ್ತವೆ. ಮರಿಗಳು ಹುಟ್ಟಿದ ದಿನವೇ ನೀರಂಚಿಗೆ ಓಡಿ ತಮ್ಮ ಹುಳುಹುಪ್ಪಟೆ ತಾವೇ ಹೆಕ್ಕಿಕೊಳ್ಳಬೇಕು. ಒಂಟಾರಿಯೊ ಪ್ರಾಂತ್ಯದ ಮಹಾಸರೋವರಗಳ ತೀರದಲ್ಲಿ ದಶಕಗಳ ಕಾಲ ಇದರ ಗೂಡೇ ಇರಲಿಲ್ಲ. 2007ರಲ್ಲಿ ಸಾಬಲ್ ಬೀಚ್‌ಗೆ ಬಂತು, ಮರುವರ್ಷ ವಸಾಗಾಕ್ಕೆ. ಯಂತ್ರ ಹಾಯಿಸಿ ಮರಳನ್ನು ಅಚ್ಚುಕಟ್ಟಾಗಿ ಹರಗಿದರೆ ನಮ್ಮ ಕಣ್ಣಿಗೆ ಚೊಕ್ಕಟವೇ. ಆದರೆ ಮರಿಗಳ ಊಟವೂ ಅವು ಅಡಗುವ ಕಸಕಡ್ಡಿಯೂ ಅದರ ಜೊತೆಗೇ ಹೋಗುತ್ತವೆ. 14 ಕಿಲೋಮೀಟರ್ ಉದ್ದದ ದಂಡೆಯಲ್ಲಿ ಈ ಹಕ್ಕಿಗೆ ಒಂದು ತುಂಡು ಬಿಟ್ಟುಕೊಟ್ಟರೆ ನಮ್ಮ ಚಾಪೆಗೆ ಜಾಗ ಕಡಿಮೆಯಾಗದು. 2025ರಲ್ಲಿ ಇಲ್ಲಿನ ಪ್ರಾಂತೀಯ ಉದ್ಯಾನದ (ಒಂಟಾರಿಯೊ ಸರ್ಕಾರದ ಸಂರಕ್ಷಿತ ಪ್ರದೇಶ) ಒಂದಷ್ಟು ಭಾಗವನ್ನು ಪಟ್ಟಣದ ಸುಪರ್ದಿಗೆ ಕೊಡುವ ಯೋಜನೆಯನ್ನು ಸರ್ಕಾರ ಪ್ರಕಟಿಸಿದಾಗ ಪರಿಸರದವರು ದನಿಯೆತ್ತಿದ್ದಕ್ಕೆ ಇದೂ ಒಂದು ಕಾರಣ. ನಾನು ಅವರ ಪರ.

ಇನ್ನು ಅಮ್ಮನ ವಿಷಯ. ನವೆಂಬರಿನಲ್ಲಿ ಬಿಸಿಲಿರುವ ದಿನ ನೋಡಿಕೊಂಡು ಹೊರಡಿ. ಅಂಗಡಿಗಳು ಬಹುತೇಕ ಮುಚ್ಚಿರುತ್ತವೆ, ನಿಜ. ಬುತ್ತಿ ಕಟ್ಟಿಕೊಂಡು ಹೋಗುವ ರೂಢಿ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಮೊದಲು ನಾಟ್ಟವಸಾಗಾ ಹೊಳೆಯ ಹತ್ತಿರ ನಿಲ್ಲಿ. ಮರವಂತೆಯಲ್ಲಿ ಸೌಪರ್ಣಿಕೆ ಕಡಲಿನ ಪಕ್ಕದಲ್ಲೇ ಸಾಗುವ ಹಾಗೆ ಇಲ್ಲಿಯೂ ಹೊಳೆ ದಂಡೆಗೆ ಸಮನಾಗಿ ಬಹುದೂರ ಹರಿದು ಆಮೇಲೆ ಜಾರ್ಜಿಯನ್ ಬೇ ಸೇರುತ್ತದೆ. ನಡುವೆ ಇರುವುದು ಮರಳಿನ ಒಂದು ಪಟ್ಟಿ ಮಾತ್ರ. ಅಮ್ಮನಿಗೆ ಅದು ನೋಡಿದೊಡನೆ ತಿಳಿಯುತ್ತದೆ.

ಅದೇ ಹೊಳೆಯಲ್ಲಿ ನ್ಯಾನ್ಸಿ ದ್ವೀಪವಿದೆ. 1814ರ ಆಗಸ್ಟ್ 14ರಂದು ಅಮೆರಿಕದ ಮೂರು ಹಡಗುಗಳು ಮರಳ ಪಟ್ಟಿಯ ಆಚೆಯಿಂದ ಗುಂಡು ಹಾರಿಸಿದಾಗ, ಹೊಳೆಯಲ್ಲಿ ಅಡಗಿದ್ದ ಬ್ರಿಟಿಷರ ಸರಕು ಹಡಗು ನ್ಯಾನ್ಸಿ ಉರಿದು ಮುಳುಗಿತು. ಮುಳುಗಿದ ಒಡಲಿಗೆ ಹೂಳು ತಡೆದು ತಡೆದು ನಡುಗಡ್ಡೆಯೇ ಎದ್ದಿತು. ನೂರು ವರ್ಷ ದಾಟಿದ ಮೇಲೆ ಅಗೆದಾಗ ಆ ಹಡಗಿನ ತಳ ಸಿಕ್ಕಿತು. ದಂಡೆಯ ಒದ್ದೆ ಮರಳಂತೂ ಎಷ್ಟು ಗಟ್ಟಿಯೆಂದರೆ, 1934ರ ಆಗಸ್ಟ್‌ನಲ್ಲಿ ರೀಡ್ ಮತ್ತು ಏಲಿಂಗ್ ಎಂಬಿಬ್ಬರು ಪೈಲಟ್‌ಗಳು ಇಂಧನ ತುಂಬಿದ ವಿಮಾನವನ್ನು ಅದರ ಮೇಲೆಯೇ ಓಡಿಸಿ ಮೇಲೇರಿದರು. ಅಟ್ಲಾಂಟಿಕ್ ದಾಟಿ ಲಂಡನ್ನಿನ ಹತ್ತಿರ ಇಳಿದರು. ವಯಸ್ಸಾದವರು ನಡೆಯುವುದಕ್ಕೂ ಆ ನೀರಂಚೇ ಹಿತ. ಒಣಮರಳಿನಲ್ಲಿ ಮಂಡಿಗೆ ಶ್ರಮ.

ಜನವರಿ ಬಂತೆಂದರೆ ದಿಬ್ಬಗಳ ಕಾಲ. ವಾಯವ್ಯದ ಗಾಳಿ ಇನ್ನೂ ಹೆಪ್ಪುಗಟ್ಟದ ಕೊಲ್ಲಿಯ ಮೇಲೆ ಹಾದು ತೇವ ಹೀರಿಕೊಂಡು ಬಂದು ದಡದ ಮೇಲೆ ಹಿಮ ಸುರಿಯುತ್ತದೆ. ಒಳಗಿನ ಹಳೆಯ ದಿಬ್ಬಗಳ ನಡುವೆ ಸುಮಾರು 30 ಕಿಲೋಮೀಟರ್ ಸ್ಕೀ ಹಾದಿಗಳಿವೆ. ಇದು ಗುಡ್ಡದ ತುದಿಯಿಂದ ಜಾರುವ ಸ್ಕೀ ಅಲ್ಲ, ಅದು ಬೇಕಾದವರಿಗೆ ಕಾಲಿಂಗ್‌ವುಡ್ ಪಟ್ಟಣದ ಬಳಿಯ ಬ್ಲೂ ಮೌಂಟನ್ ಹತ್ತಿರದಲ್ಲೇ ಇದೆ. ಇಲ್ಲಿಯದು ಯಂತ್ರ ಕೊರೆದಿಟ್ಟ ಜೋಡಿ ಗೆರೆಗಳಲ್ಲಿ ಕಾಲಿಟ್ಟು ನಡೆದಂತೆಯೇ ಸಾಗುವ ಸ್ಕೀ. ದಂಡೆಯಲ್ಲಿ ಮುಖ ಕೊಯ್ಯುವ ಗಾಳಿ ಪೈನ್ ಮರಗಳ ನಡುವೆ ಬಂದೊಡನೆ ಅಡಗುತ್ತದೆ. ಅಮ್ಮನಿಗೆ ಸ್ಕೀ ಬೇಡ ಅನಿಸಿದರೆ ಹಿಮದಲ್ಲಿ ಕಾಲು ಹೂತುಹೋಗದಂತೆ ಬೂಟಿಗೆ ಕಟ್ಟಿಕೊಳ್ಳುವ ಅಗಲ ಚೌಕಟ್ಟು, ಅಂದರೆ ಸ್ನೋಶೂ, ಬಾಡಿಗೆಗೆ ಪಡೆಯಿರಿ. ನಡೆಯಲು ಬರುವ ಯಾರೂ ಅದನ್ನು ಹಾಕಿಕೊಳ್ಳಬಹುದು, ಹೆಜ್ಜೆ ತುಸು ಅಗಲವಾಗಿಟ್ಟರೆ ಸಾಕು. ಒಳಗೆ ಹತ್ತಿಯ ಬಟ್ಟೆ ಮಾತ್ರ ಬೇಡ. ಬೆವರಿಗೆ ಒದ್ದೆಯಾದರೆ ಆರುವುದಿಲ್ಲ, ನಿಂತ ಕೂಡಲೇ ಮೈ ಕೊರೆಯುತ್ತದೆ. ಉಣ್ಣೆ ಹಾಕಿಸಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಚಳಿಗಾಲದಲ್ಲಿ ದಡದಿಂದ ಮುಂದಕ್ಕೆ ಮಂಜಿನ ದಿಣ್ಣೆಗಳು ಚಾಚಿಕೊಂಡಿರುತ್ತವೆ. ನೋಡಿದರೆ ನೆಲದಂತೆಯೇ ಕಾಣುತ್ತವೆ. ಅಲೆಗಳು ಎರಚಿದ ನೀರು ಹೆಪ್ಪುಗಟ್ಟಿ ಆದವು ಅವು, ಒಳಗೆ ಪೊಳ್ಳು, ಕೆಳಗೆ ನೀರು. ಫೋಟೋಗಾಗಿ ಅವನ್ನು ಹತ್ತಬೇಡಿ, ಮಕ್ಕಳನ್ನೂ ಬಿಡಬೇಡಿ.

ವಸಂತದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀರು ಕೊರೆಯುವಷ್ಟು ತಣ್ಣಗಿರುತ್ತದೆ, ಮೇ ತಿಂಗಳಿಗೆ ನೊಣ ಸೊಳ್ಳೆ ಏಳುತ್ತವೆ, ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿಗಳು ಹತ್ತುತ್ತವೆ. ಏಪ್ರಿಲ್‌ನಲ್ಲಿ ಅಮ್ಮ ಹೊರಡುವ ಮುನ್ನ ಹೊಳೆಯಲ್ಲಿ ರೇನ್‌ಬೋ ಟ್ರೌಟ್ ಮೀನು ಮೇಲೇರುವುದನ್ನು ನೋಡಲು ಕರೆದೊಯ್ಯಿರಿ. ಗಾಳ ಹಾಕುವ ಮನಸ್ಸಿದ್ದರೆ ಪರವಾನಗಿ ಬೇಕು, ಋತುವಿನ ನಿಯಮವನ್ನೂ ನೋಡಿಕೊಳ್ಳಿ.

ಈಜುವುದೇ ನಿಮ್ಮ ಆಸೆಯಾದರೆ ಮುಂದಿನ ಸಲ ಜುಲೈ ಬಿಟ್ಟು ಸೆಪ್ಟೆಂಬರ್ ಮೊದಲ ವಾರಗಳಲ್ಲಿ ಹೋಗಿ. ಇಷ್ಟು ದೊಡ್ಡ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿಯೇ ಆರುತ್ತದೆ. ಶಾಲೆ ಶುರುವಾಗಿ ಜನ ಕರಗಿದ ಮೇಲೂ ಮೈಗೆ ಹಿತವಾಗಿಯೇ ಇರುತ್ತದೆ. ಆದರೆ ಕಡಲಲ್ಲಿ ಈಜಿ ರೂಢಿಯಾದ ಕುಂದಾಪುರದವರು ನೆನಪಿಡಬೇಕಾದ್ದು: ಸಿಹಿನೀರು ದೇಹವನ್ನು ಉಪ್ಪುನೀರಿನಷ್ಟು ಎತ್ತಿಹಿಡಿಯುವುದಿಲ್ಲ. ಪ್ರಾಂತೀಯ ಉದ್ಯಾನದ ದಂಡೆಗಳಲ್ಲಿ ಕಾವಲಿಗೆ ಲೈಫ್‌ಗಾರ್ಡ್‌ಗಳೂ ಇರುವುದಿಲ್ಲ. ನೆಲದ ಕಡೆಯಿಂದ ಗಾಳಿ ಬೀಸುವ ದಿನ ಗಾಳಿ ತುಂಬಿದ ಟ್ಯೂಬು, ತೆಪ್ಪಗಳನ್ನು ನೀರಿಗಿಳಿಸಬೇಡಿ. ಕಣ್ಣೆದುರೇ ದೂರ ಸರಿದುಹೋಗುತ್ತವೆ.

ಟೊರಾಂಟೊ ಕಡೆಯಿಂದ ಎರಡು ಗಂಟೆಯೊಳಗಿನ ದಾರಿ. ಸ್ಕೀ ಹಾದಿ ತೆರೆದಿದೆಯೇ, ಶೌಚಾಲಯ ಯಾವ ಕಡೆ ಇದೆ ಎಂದು ಉದ್ಯಾನದ ಕಚೇರಿಗೆ ಫೋನ್ ಮಾಡಿ ಕೇಳಿಕೊಂಡೇ ಹೊರಡಿ. ಹೋಗಿ ಬಂದ ಮೇಲೆ ಅಮ್ಮ ಏನೆಂದರು ಎಂದು ಅವರ ಮಾತಿನಲ್ಲೇ ಬರೆದು ಕಳುಹಿಸಿ. ಪುಟ ಕಾದಿರಿಸುತ್ತೇನೆ.